ಕದ್ಮತ್‌ನ ರಾತ್ರಿ ಡೈವ್‌ಗೆ ಎಂಥ ಟಾರ್ಚ್? ವಾಸ್ಕೋದ ಅಕ್ಕ-ತಮ್ಮನ ಪ್ರಕರಣ

ಅಕ್ಕ ಗೋವಾದ ವಾಸ್ಕೋದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಾರೆ. ತಮ್ಮನಿಗೆ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ಊರು ಹುಬ್ಬಳ್ಳಿ. ಇಬ್ಬರೂ ಸ್ಕೂಬಾದಲ್ಲಿ ಅಡ್ವಾನ್ಸ್‌ಡ್ ಕೋರ್ಸ್ ಮುಗಿಸಿದ್ದಾರೆ. ಆದರೆ ಡೈವ್ ಮಾಡಿದ್ದೆಲ್ಲ ಹೆಚ್ಚು ಕಡಿಮೆ ಹಗಲಿನಲ್ಲೇ, ಅದೂ ಇಲ್ಲೇ ಗ್ರಾಂಡ್ ಐಲ್ಯಾಂಡ್ ಸುತ್ತಮುತ್ತ. ಫೆಬ್ರವರಿಯಲ್ಲಿ ಲಕ್ಷದ್ವೀಪದ ಕದ್ಮತ್‌ಗೆ ಹೋಗುವುದು ಗೊತ್ತಾಗಿತ್ತು. ಪರ್ಮಿಟ್ ಬಂದಿತ್ತು. ಅಲ್ಲಿ ಹವಳದ ದಿಬ್ಬದ (ರೀಫ್) ಮೇಲೆ ಎರಡು ರಾತ್ರಿ ಡೈವ್, ಆಳ 12 ಮೀಟರ್ ಒಳಗೆ, ಸ್ಥಳೀಯ ಇನ್‌ಸ್ಟ್ರಕ್ಟರ್ ಜೊತೆಗೆ. ಟಾರ್ಚ್ ಮಾತ್ರ ಸ್ವಂತದ್ದು ತನ್ನಿ ಅಂತ ಹೇಳಿದ್ದರು.

ನಾನು ವಾಸ್ಕೋದಲ್ಲಿ ಡೈವಿಂಗ್ ಸಾಮಾನು ಸರ್ವಿಸ್ ಮಾಡುವವನು. ರೆಗ್ಯುಲೇಟರ್, ಜಾಕೆಟ್, ಟಾರ್ಚ್ ಎಲ್ಲ ನನ್ನ ಮೇಜಿನ ಮೇಲೆ ಬರುತ್ತವೆ. 'ಎಷ್ಟು ಲ್ಯೂಮೆನ್ ತಗೊಳ್ಳಲಿ?' ಅಂತ, ಅಂದರೆ ಎಷ್ಟು ಬೆಳಕಿನದ್ದು ಅಂತ, ಕೇಳುವವರು ಬಹಳ. ಈ ಪ್ರಶ್ನೆಯೇ ಜನರನ್ನು ದಾರಿ ತಪ್ಪಿಸುತ್ತದೆ ಅಂತ ನನಗೆ ಅನಿಸುತ್ತದೆ. ಈ ಅಕ್ಕ-ತಮ್ಮನ ವಿಷಯದಲ್ಲಿ ಸಮಯ ಇತ್ತು, ಕೈಯಲ್ಲಿ ಮೂರು ಬೇರೆ ಬೇರೆ ಟಾರ್ಚ್ ಇದ್ದವು, ಇಬ್ಬರಿಗೂ ಬೇರೆ ಬೇರೆ ಅಭಿಪ್ರಾಯ ಇತ್ತು. ಹಾಗಾಗಿ ಎಲ್ಲವನ್ನೂ ನೀರಿಗಿಳಿಸಿ ನೋಡಲು ಆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೇಜಿನ ಮೇಲಿದ್ದ ಮೂರು ಟಾರ್ಚ್

ಮೊದಲನೆಯದು ಆನ್‌ಲೈನ್‌ನಲ್ಲಿ ಅಕ್ಕ ತರಿಸಿದ್ದು. ಡಬ್ಬಿಯ ಮೇಲೆ 20,000 ಲ್ಯೂಮೆನ್, ಐಪಿ 68, ಬ್ಯಾಟರಿ 9900 ಎಂಎಎಚ್ ಅಂತ ದೊಡ್ಡ ಅಕ್ಷರ. ಬೆಲೆ ಎರಡು ಸಾವಿರದ ಒಳಗೆ. ಎರಡನೆಯದು ವಿಡಿಯೋ ಲೈಟ್. ತಮ್ಮನ ಗೆಳೆಯ ಅರ್ಧ ಬೆಲೆಗೆ ಕೊಡುತ್ತೇನೆ ಅಂದಿದ್ದ. 5000 ಲ್ಯೂಮೆನ್, ಬೆಳಕು ಹರಡುವ ಕೋನ 120 ಡಿಗ್ರಿ. ಮೂರನೆಯದು ನಾನು ಮುಂದಿಟ್ಟಿದ್ದು: 1000 ಲ್ಯೂಮೆನ್, 10 ಡಿಗ್ರಿಯ ಸಣ್ಣ ಬೀಮ್, 100 ಮೀಟರ್ ಆಳದವರೆಗೆ ತಡೆಯುತ್ತದೆ ಅಂತ ಕಂಪನಿಯೇ ಬರೆದುಕೊಟ್ಟಿದ್ದು.

'ಅಣ್ಣಾ, ಇದು ಇಪ್ಪತ್ತು ಸಾವಿರ ಅಂತೈತಿ, ನೀವು ಒಂದು ಸಾವಿರದ್ದು ತೋರಸ್ತೀರಲ್ರೀ' ಅಂದರು ಅಕ್ಕ. ಕೇಳಬೇಕಾದ ಮಾತೇ.

ಮೊದಲು ಬ್ಯಾಟರಿ ನೋಡೋಣ. ಈ ಟಾರ್ಚ್‌ಗಳಲ್ಲಿ ಬರುವುದು 18650 ಅನ್ನುವ ಲಿಥಿಯಂ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಸರಿನಲ್ಲೇ ಅಳತೆ ಇದೆ. ಈ ಗಾತ್ರದ ಒಳ್ಳೆಯ ಸೆಲ್‌ಗೆ ಇವತ್ತಿಗೂ 3500 ಎಂಎಎಚ್ ಆಸುಪಾಸೇ ಮಿತಿ. 9900 ಅಂತ ಬರೆದಿದ್ದರೆ ಅದು ಸುಳ್ಳು, ಬೇರೆ ಮಾತಿಲ್ಲ. ತೂಕ ಹಾಕಿದರೂ ಗೊತ್ತಾಗುತ್ತದೆ. ಅಸಲಿ ಸೆಲ್ 45ರಿಂದ 48 ಗ್ರಾಂ ತೂಗುತ್ತದೆ. ಅಕ್ಕ ಆ ಸೆಲ್ಲನ್ನು ಕಾಲೇಜಿನ ಲ್ಯಾಬಿಗೆ ತಗೊಂಡು ಹೋಗಿ ತಕ್ಕಡಿಯಲ್ಲಿಟ್ಟರು. 31 ಗ್ರಾಂ. ನನ್ನ ಟಾರ್ಚಿನ ಸೆಲ್ 47. ಮಾರನೇ ದಿನ ಎರಡನ್ನೂ ಬೇರೆ ಬೇರೆ ಕವರಿನಲ್ಲಿ ಹಾಕಿ, ಮೇಲೆ ಪೆನ್ನಿನಲ್ಲಿ ತೂಕ ಬರೆದು ತಂದುಕೊಟ್ಟರು. ಕೆಮಿಸ್ಟ್ರಿ ಮೇಡಂ ಅಲ್ವಾ.

ಇನ್ನು 20,000 ಲ್ಯೂಮೆನ್. ಜೋರಾಗಿ ಉರಿಸಿದ ಎಲ್‌ಇಡಿ ಒಂದು ವ್ಯಾಟ್‌ಗೆ ಸುಮಾರು 100ರಿಂದ 120 ಲ್ಯೂಮೆನ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. 20,000ಕ್ಕೆ 160 ವ್ಯಾಟ್‌ಗಿಂತ ಜಾಸ್ತಿ ಬೇಕು. ಒಂದು ಒಳ್ಳೆಯ 18650 ಸೆಲ್‌ನಲ್ಲಿ ಇರುವುದು ಸುಮಾರು 12 ವ್ಯಾಟ್-ಅವರ್ (12 ವ್ಯಾಟ್ ಒಂದು ಗಂಟೆ ಉರಿಯುವಷ್ಟು). ಅಂದರೆ ನಾಲ್ಕೈದು ನಿಮಿಷದಲ್ಲಿ ಖಾಲಿ. ಅದೂ ಸೆಲ್ 40 ಆಂಪಿಯರ್‌ಗೂ ಮೇಲೆ ಕರೆಂಟ್ ಕೊಡಬೇಕು. ಸಾಮಾನ್ಯ ಸೆಲ್‌ಗೆ ಅದು ಆಗದ ಕೆಲಸ. ಈ ಲೆಕ್ಕವನ್ನು ಅಕ್ಕನೇ ಕಾಗದದ ಮೇಲೆ ಮಾಡಿದರು. ಮುಗಿಸಿ, ಆ ಟಾರ್ಚನ್ನು ಮನೆಯಲ್ಲಿ ಕರೆಂಟ್ ಹೋದಾಗ ಬಳಸೋಣ ಅಂತ ಪಕ್ಕಕ್ಕಿಟ್ಟರು. ಆ ಸೆಲ್ ಹಾಕಿಕೊಂಡು ಮನೆಯಲ್ಲೂ ಬೇಡ ಅಂತ ನಾನು ಹೇಳಿದೆ. ನಕಲಿ ಲಿಥಿಯಂ ಸೆಲ್ ಚಾರ್ಜಿಗಿಟ್ಟು ಮಲಗುವುದು ಒಳ್ಳೆಯದಲ್ಲ.

ಐಪಿ 68 ಬಗ್ಗೆ ಒಂದು ಮಾತು. ಆ 8 ಅಂದರೆ ಒಂದು ಮೀಟರಿಗಿಂತ ಆಳದಲ್ಲಿ, ಕಂಪನಿ ತಾನೇ ಗೊತ್ತುಮಾಡಿದ ಆಳ ಮತ್ತು ಸಮಯಕ್ಕೆ ನೀರು ಒಳಗೆ ಬರುವುದಿಲ್ಲ ಅಂತ ಅಷ್ಟೇ. ಮೊಬೈಲ್ ಫೋನಿಗೂ ಐಪಿ 68 ಇರುತ್ತದೆ. ಸಮುದ್ರದಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ಆದ್ದರಿಂದ ಡೈವ್ ಟಾರ್ಚ್ ಮೇಲೆ ಇಷ್ಟು ಮೀಟರ್ ಅಂತ ಆಳವನ್ನೇ ಬರೆದಿರಬೇಕು. ಬರೆದಿಲ್ಲ ಅಂದರೆ ಅದು ಡೈವ್ ಟಾರ್ಚ್ ಅಲ್ಲ.

ಮೊದಲನೆಯದು ಹೀಗೆ ಒಂದೇ ದಿನದಲ್ಲಿ ಹೊರಗೆ ಹೋಯಿತು. ನಿಜವಾದ ಜಗಳ ಶುರುವಾಗಿದ್ದು ಉಳಿದ ಎರಡರ ನಡುವೆ.

5000 ದೊಡ್ಡದೋ 1000 ದೊಡ್ಡದೋ

ಲ್ಯೂಮೆನ್ ಅಂದರೆ ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕು. ಅದು ಎಲ್ಲಿ ಬೀಳುತ್ತದೆ ಅಂತ ಆ ಸಂಖ್ಯೆ ಹೇಳುವುದಿಲ್ಲ. ಅದನ್ನು ಹೇಳುವುದು ಕ್ಯಾಂಡೆಲಾ, ಅಂದರೆ ಒಂದು ದಿಕ್ಕಿಗೆ ಎಷ್ಟು ಜೋರಾಗಿ ಬೆಳಕು ಹೋಗುತ್ತದೆ ಅನ್ನುವ ಅಳತೆ.

ತಮ್ಮ ಲೆಕ್ಕದಲ್ಲಿ ಚುರುಕು. ಅವನಿಗೇ ಕೊಟ್ಟೆ. 120 ಡಿಗ್ರಿಯ ಬೀಮ್ ಮೂರು ಮೀಟರ್ ದೂರದ ಗೋಡೆ ಮೇಲೆ ಬಿದ್ದರೆ ಅದರ ವೃತ್ತ 10 ಮೀಟರಿಗೂ ಅಗಲ. 10 ಡಿಗ್ರಿಯದ್ದು ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿ. 5000 ಲ್ಯೂಮೆನ್ ಅಷ್ಟು ದೊಡ್ಡ ಜಾಗಕ್ಕೆ ಹಂಚಿಹೋದಾಗ ನಡುವಿನ ಬಿಂದುವಿಗೆ ಸಿಗುವುದು ಸುಮಾರು 1600 ಕ್ಯಾಂಡೆಲಾ. 1000 ಲ್ಯೂಮೆನ್ ಸಣ್ಣ ವೃತ್ತಕ್ಕೆ ಬಿದ್ದಾಗ, ಎಲ್ಲ ಬೆಳಕೂ ಬೀಮಿನೊಳಗೇ ಇದ್ದರೆ, 40,000ಕ್ಕೂ ಮೇಲೆ. ಯಾವ ಟಾರ್ಚಿನಲ್ಲೂ ಸ್ವಲ್ಪ ಬೆಳಕು ಅಕ್ಕಪಕ್ಕಕ್ಕೆ ಚೆಲ್ಲಿಹೋಗುತ್ತದೆ. ಅರ್ಧ ಚೆಲ್ಲಿತು ಅಂತ ಇಟ್ಟುಕೊಂಡರೂ ಚಿಕ್ಕ ಟಾರ್ಚ್ ನಡುವಿನಲ್ಲಿ ಹತ್ತು ಪಟ್ಟಿಗೂ ಜೋರು.

ಇನ್ನೊಂದು ವಿಷಯ ಇದೆ, ಅಂಗಡಿಯವರು ಹೇಳುವುದು ಕಡಿಮೆ. ಡಬ್ಬಿಯ ಮೇಲಿನ ಕೋನ ಸಾಮಾನ್ಯವಾಗಿ ಗಾಳಿಯಲ್ಲಿ ಅಳೆದದ್ದು. ಮುಂದಿನ ಗಾಜು ಚಪ್ಪಟೆಯಾಗಿದ್ದರೆ ನೀರಿನಲ್ಲಿ ಬೆಳಕು ಬಾಗಿ ಕೋನ ಕಿರಿದಾಗುತ್ತದೆ. 120 ಡಿಗ್ರಿ ಅಂದದ್ದು ನೀರಿನೊಳಗೆ ಸುಮಾರು 80 ಆಗುತ್ತದೆ, 10 ಅಂದದ್ದು ಏಳೂವರೆ. ಗಾಜು ಗುಮ್ಮಟದ ಹಾಗಿದ್ದರೆ ಕೋನ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಟಾರ್ಚ್ ಕೊಳ್ಳುವಾಗ ಗಾಜನ್ನು ಒಮ್ಮೆ ಸವರಿ ನೋಡಿ.

ತಮ್ಮ ಲೆಕ್ಕ ಒಪ್ಪಿದ. ಆದರೆ, 'ನಂಗ ಒಂದು ಬಿಂದು ಕಂಡ್ರ ಏನ್ ಮಾಡ್ಲಿರೀ ಅಣ್ಣಾ? ಇಡೀ ರೀಫ್ ಕಾಣಬೇಕಲ್ಲ?' ಅಂದ. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕಾಗದದ ಮೇಲೆ ಇಲ್ಲ.

ಈಜುಕೊಳದಲ್ಲಿ ಒಂದು ಸಂಜೆ

ಪರಿಚಯದವರ ಈಜುಕೊಳ ಒಂದು ಸಂಜೆಗೆ ಸಿಕ್ಕಿತು. ಸುತ್ತಲಿನ ದೀಪಗಳನ್ನೆಲ್ಲ ಆರಿಸಿದೆವು. ವಿಡಿಯೋ ಲೈಟ್ ಹಚ್ಚಿದ ಕೂಡಲೇ ಕೊಳವೆಲ್ಲ ಹಗಲಾಯಿತು. ತಮ್ಮನ ಮುಖದ ಮೇಲೆ ಗೆದ್ದ ಖುಷಿ. ಸಣ್ಣ ಬೀಮ್ ಹಚ್ಚಿದರೆ ಎದುರಿನ ಟೈಲ್ಸ್ ಮೇಲೆ ಒಂದು ಬಿಳಿ ಚುಕ್ಕೆ, ಸುತ್ತ ಮಸುಕು. ಅಷ್ಟರಲ್ಲೇ ಪರೀಕ್ಷೆ ಮುಗಿಸಿದ್ದರೆ ಇವರು 5000 ಲ್ಯೂಮೆನ್ನೇ ತಗೊಂಡು ಹೋಗುತ್ತಿದ್ದರು. ಬಹಳ ಜನ ಹಾಗೇ ತಗೊಳ್ಳುತ್ತಾರೆ. ಕೊಳದ ನೀರು ಶುದ್ಧ, ಗೋಡೆ ಬಿಳಿ. ಅಲ್ಲಿ ಅಗಲ ಬೆಳಕೇ ಗೆಲ್ಲುವುದು.

ಆಮೇಲೆ ಇನ್ನೊಂದು ಮಾಡಿಸಿದೆ. ಅಕ್ಕ ಮುಂದೆ, ತಮ್ಮ ಮೂರು ಮೀಟರ್ ಹಿಂದೆ. ಅಕ್ಕ ತಿರುಗಿ ನೋಡುವ ಹಾಗಿಲ್ಲ. ತಮ್ಮ ಹಿಂದಿನಿಂದ ಟಾರ್ಚಿನಲ್ಲೇ ಹೇಳಬೇಕು. ರಾತ್ರಿ ಡೈವಿನಲ್ಲಿ ಬೆಳಕನ್ನು ನಿಧಾನಕ್ಕೆ ಸುತ್ತಿಸಿದರೆ 'ಎಲ್ಲ ಸರಿ ಇದೆ' ಅಂತ. ಅಡ್ಡಡ್ಡಕ್ಕೆ ಬೇಗ ಬೇಗ ಬೀಸಿದರೆ 'ಇಲ್ಲಿ ನೋಡು, ತೊಂದರೆ' ಅಂತ.

ಸಣ್ಣ ಬೀಮಿನಲ್ಲಿ ಅಕ್ಕನಿಗೆ ತಕ್ಷಣ ಗೊತ್ತಾಯಿತು. ಎದುರಿನ ಗೋಡೆ ಮೇಲೆ ತಮ್ಮನ ಚುಕ್ಕೆ ದುಂಡಗೆ ಸುತ್ತಿತು, ಅಕ್ಕ ತನ್ನದೇ ಚುಕ್ಕೆಯನ್ನು ಸುತ್ತಿಸಿ ಉತ್ತರ ಕೊಟ್ಟರು. ಚುಕ್ಕೆ ಅಡ್ಡ ಬೀಸಿದಾಗ ಒಂದು ಕ್ಷಣದಲ್ಲಿ ತಿರುಗಿದರು. ವಿಡಿಯೋ ಲೈಟಿನಲ್ಲಿ ತಮ್ಮ ಅಷ್ಟೇ ಜೋರಾಗಿ ಬೀಸಿದ. ಕೊಳದ ಬೆಳಕು ಸ್ವಲ್ಪ ಅಲ್ಲಾಡಿತು ಅಷ್ಟೇ. ಅಕ್ಕ ಸುಮ್ನೆ ಮುಂದೆ ಹೋಗುತ್ತಲೇ ಇದ್ದರು. ಗೋಡೆ ಮುಟ್ಟಿ ಮೇಲೆ ಬಂದು, 'ಏನರೆ ಹೇಳಿದಿ ಏನೋ?' ಅಂತ ತಮ್ಮನನ್ನು ಕೇಳಿದರು.

ನನ್ನ ಪ್ರಕಾರ ಈ ಪ್ರಕರಣ ತೀರ್ಮಾನ ಆದದ್ದು ಅಲ್ಲೇ. ರಾತ್ರಿ ನೀರಿನೊಳಗೆ ಮಾತಿಲ್ಲ, ಮುಖ ಕಾಣುವುದಿಲ್ಲ, ಕೈಸನ್ನೆಯೂ ಬೆಳಕಿಲ್ಲದೆ ಕಾಣುವುದಿಲ್ಲ. ಟಾರ್ಚ್ ಮೊದಲು ಮಾತಾಡುವುದಕ್ಕೆ, ಆಮೇಲೆ ನೋಡುವುದಕ್ಕೆ. ಜೊತೆಗಾರನ ಚುಕ್ಕೆ ನಿಮ್ಮ ಚುಕ್ಕೆಯ ಪಕ್ಕದಲ್ಲಿ ಓಡಾಡುತ್ತಿದ್ದರೆ ಅವನು ಇದ್ದಾನೆ, ಸರಿಯಾಗಿದ್ದಾನೆ, ಏನನ್ನು ನೋಡುತ್ತಿದ್ದಾನೆ ಎಲ್ಲ ತಿಳಿಯುತ್ತದೆ. ಕತ್ತು ತಿರುಗಿಸುವುದೂ ಬೇಕಾಗಿಲ್ಲ. ಅಗಲ ಬೆಳಕಿನಲ್ಲಿ ಈ ಭಾಷೆ ಕರಗಿಹೋಗುತ್ತದೆ. ಜೊತೆಗೆ ಇನ್ನೊಬ್ಬರ ಚುಕ್ಕೆಯನ್ನೂ ನುಂಗಿಹಾಕುತ್ತದೆ.

ಗ್ರಾಂಡ್ ಐಲ್ಯಾಂಡ್‌ನ ಮಬ್ಬು ನೀರು

ತಮ್ಮನಿಗೆ ಇನ್ನೂ ಪೂರ್ತಿ ಸಮಾಧಾನ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ದೋಣಿಯಲ್ಲಿ ಗ್ರಾಂಡ್ ಐಲ್ಯಾಂಡಿಗೆ ಹೋದೆವು. ಜುವಾರಿ ನದಿ ಸಮುದ್ರ ಸೇರುವ ಬಾಯಿಯಿಂದ ದೂರ ಇಲ್ಲ ಇದು. ಹಾಗಾಗಿ ನೀರಿನಲ್ಲಿ ಮಣ್ಣು, ಪಾಚಿ, ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು) ಇದ್ದೇ ಇರುತ್ತದೆ. ಅವತ್ತು ಕಣ್ಣಿಗೆ ಕಾಣುತ್ತಿದ್ದುದು ನಾಲ್ಕು ಮೀಟರ್ ಇರಬಹುದು. ಬಂಡೆಗಳ ಕೆಳಗಿನ ಕತ್ತಲಲ್ಲಿ ಎರಡೂ ಟಾರ್ಚ್ ಹಚ್ಚಿ ನೋಡಿದೆವು.

ವಿಡಿಯೋ ಲೈಟ್ ಹಚ್ಚಿದ ಕೂಡಲೇ ಎದುರಿಗೆ ಬಿಳಿ ಪರದೆ. ಮಳೆಗಾಲದಲ್ಲಿ ಅನಮೋಡ ಘಾಟಿನ ಮಂಜಿನಲ್ಲಿ ಕಾರಿನ ಹೈ ಬೀಮ್ ಹಾಕಿದರೆ ಆಗುತ್ತದಲ್ಲ, ಥೇಟ್ ಹಾಗೆ. ಅಗಲ ಬೆಳಕು ಕಣ್ಣೆದುರಿನ ಒಂದೊಂದು ಕಣವನ್ನೂ ಬೆಳಗುತ್ತದೆ, ಅವೆಲ್ಲ ಬೆಳಕನ್ನು ನಮ್ಮ ಕಣ್ಣಿಗೇ ವಾಪಸ್ ಎಸೆಯುತ್ತವೆ. ಸಣ್ಣ ಬೀಮ್ ಬೆಳಗುವ ಕಣಗಳು ಕಡಿಮೆ. ಟಾರ್ಚನ್ನು ಮುಖದಿಂದ ದೂರಕ್ಕೆ, ಪಕ್ಕಕ್ಕೆ ಹಿಡಿದರೆ ಬೀಮ್ ಒಂದು ಕೋಲಿನಂತೆ ಹೋಗಿ ಬಂಡೆಗೆ ತಾಗುತ್ತದೆ, ಅಲ್ಲಿ ಏನಿದೆ ಅಂತ ಕಾಣುತ್ತದೆ.

ದೋಣಿಗೆ ಬಂದ ಮೇಲೆ ತಮ್ಮ ಒಂದು ಮಾತು ಹೇಳಿದ. 'ಕದ್ಮತ್ ನೀರು ಇಷ್ಟು ಮಬ್ಬು ಇರಂಗಿಲ್ಲಲ್ರೀ ಅಣ್ಣಾ.' ಹೌದು. ಲಕ್ಷದ್ವೀಪದಲ್ಲಿ ಒಳ್ಳೆಯ ದಿನ 20 ಮೀಟರಿಗೂ ಮೇಲೆ ಕಾಣುತ್ತದೆ. ಗೋವಾದ ನೀರನ್ನು ತೋರಿಸಿ ಅಲ್ಲಿಗೆ ಟಾರ್ಚ್ ಆಯ್ಕೆ ಮಾಡಿದರೆ ತಪ್ಪಾಗುತ್ತದೆ. ಮಬ್ಬಿನ ಕಾರಣವನ್ನು ತೆಗೆದಿಟ್ಟು ಮತ್ತೆ ಯೋಚಿಸಿದೆವು.

ಆಗಲೂ ಸಣ್ಣ ಬೀಮಿನ ಕಡೆಗೇ ಕಾರಣಗಳು ಉಳಿದವು. ಸನ್ನೆಯ ವಿಷಯ ಆಗಲೇ ಹೇಳಿದೆ. ಎರಡನೆಯದು, ಅಲ್ಲಿನ ಮರಳು ಹವಳದ ಪುಡಿ, ಬೆಳ್ಳಗೆ. 5000 ಲ್ಯೂಮೆನ್ ಅದರ ಮೇಲೆ ಬಿದ್ದರೆ ಕಣ್ಣು ಕುಕ್ಕುತ್ತದೆ. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು 20-30 ನಿಮಿಷ ಬೇಕು. ಒಂದು ಸಲ ಜೋರು ಬೆಳಕು ಬಿದ್ದರೆ ಅದೆಲ್ಲ ಹೋಯಿತು. ಕಣ್ಣು ಒಗ್ಗಿದವರಿಗೆ ಹತ್ತಿರದ ರೀಫ್ ನೋಡಲು 300-400 ಲ್ಯೂಮೆನ್ ಧಾರಾಳ. ಮೂರನೆಯದು ಅಲ್ಲಿ ಮಲಗಿರುವ ಜೀವಗಳು. ಅದು ನನಗೆ ಬಹಳ ಮುಖ್ಯ.

ರಾತ್ರಿಯ ರೀಫ್ ಬೇರೆಯೇ ಊರು. ಹಗಲಲ್ಲಿ ಕಲ್ಲಿನಂತೆ ಕಾಣುವ ಹವಳ ರಾತ್ರಿ ಸಣ್ಣ ಸಣ್ಣ ಕೈಗಳನ್ನು ಚಾಚಿ ಪ್ಲಾಂಕ್ಟನ್ ಹಿಡಿಯುತ್ತದೆ. ಕೆಲವು ಜಾತಿಯ ಗಿಳಿಮೀನುಗಳು ಬಾಯಿಯಿಂದ ಲೋಳೆ ಬಿಟ್ಟು, ಮೈಸುತ್ತ ಚೀಲ ಕಟ್ಟಿಕೊಂಡು ಅದರೊಳಗೆ ಮಲಗುತ್ತವೆ. ಕಡಲಾಮೆಗಳು ಬಂಡೆಯ ಸಂದಿಯಲ್ಲಿ ತಲೆ ತೂರಿಸಿ ನಿದ್ದೆ. ಇವುಗಳ ಮೇಲೆ ಜೋರು ಬೆಳಕು ಹಿಡಿದರೆ ಮೀನು ಗಾಬರಿಬಿದ್ದು ಹವಳಕ್ಕೇ ಹೊಡೆದುಕೊಳ್ಳುತ್ತದೆ. ಲಯನ್‌ಫಿಶ್ ಥರದ ಬೇಟೆ ಮೀನುಗಳು ಡೈವರ್‌ಗಳ ಬೆಳಕಿನ ಹಿಂದೆಯೇ ಬಂದು, ಬೆಳಕಿಗೆ ಸಿಕ್ಕಿಬಿದ್ದ ಚಿಕ್ಕ ಮೀನನ್ನು ನುಂಗುತ್ತವೆ. ನೀವು ಸುಮ್ಮನೆ ಟಾರ್ಚ್ ಹಿಡಿದಿರಿ, ಒಂದು ಮೀನಿನ ಪ್ರಾಣ ಹೋಯಿತು. ನಮ್ಮಲ್ಲಿ ರೀಫ್ ಕಟ್ಟುವ ಹವಳಗಳಿಗೆ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲ್‌ನಲ್ಲಿ, ಹುಲಿಯ ಪಟ್ಟಿಯಲ್ಲೇ, ಜಾಗ ಇದೆ. ಲಕ್ಷದ್ವೀಪದ ಹವಳಗಳು 1998ರಿಂದ ಈಚೆಗೆ ಮತ್ತೆ ಮತ್ತೆ ಸಮುದ್ರ ಬಿಸಿಯಾಗಿ ಬಿಳಿಚಿಕೊಂಡಿವೆ, 2024ರಲ್ಲೂ ಆಯಿತು. ಅಂಥ ಕಡೆ ಅತಿಥಿಯಾಗಿ ಹೋಗುವವರು ಬೇಕಾದಷ್ಟೇ ಬೆಳಕು ತಗೊಂಡು ಹೋಗಬೇಕು.

ಕೆಂಪು ಬೆಳಕಿನ ಬಗ್ಗೆ ಅಕ್ಕ ಕೇಳಿದರು. ಅನೇಕ ರೀಫ್ ಮೀನುಗಳಿಗೆ, ಸಿಗಡಿ ಜಾತಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಹತ್ತಿರದಿಂದ ನೋಡಲು ಅದು ಒಳ್ಳೆಯದು. ಆದರೆ ನೀರು ಮೊದಲು ಹೀರುವುದೇ ಕೆಂಪನ್ನು, ದೂರಕ್ಕೆ ಹೋಗುವುದಿಲ್ಲ. ಮುಖ್ಯ ಟಾರ್ಚಿನಲ್ಲಿ ಕೆಂಪು ಇದ್ದರೆ ಇರಲಿ, ಅದಕ್ಕಾಗಿ ಹೆಚ್ಚು ದುಡ್ಡು ಬೇಡ ಅಂದೆ.

ಕೊನೆಗೆ ತಗೊಂಡದ್ದು

ಇಬ್ಬರಿಗೂ ಒಂದೇ ಮಾಡೆಲ್‌ನ 1000 ಲ್ಯೂಮೆನ್ ಟಾರ್ಚ್. ಇಬ್ಬರಿಗೂ ಒಂದೊಂದು ಚಿಕ್ಕ ಬ್ಯಾಕಪ್, ಸುಮಾರು 500 ಲ್ಯೂಮೆನ್, ಅದೂ ಸಣ್ಣ ಬೀಮಿನದ್ದು, ಒಂದೇ ಮೋಡ್. ಸಿಲಿಂಡರ್ ಕತ್ತಿಗೆ ಕಟ್ಟಲು ಪುಟ್ಟ ಗುರುತಿನ ದೀಪ, ಅಕ್ಕನಿಗೆ ಹಸಿರು, ತಮ್ಮನಿಗೆ ನೀಲಿ. ಬ್ಯಾಕಪ್ ಬೇಕೇಬೇಕಾ ಅಂತ ಬಜೆಟ್ ನೋಡಿ ತಮ್ಮ ಕೇಳಿದ. ಇಲ್ಲಿ ನಾನು ಬಗ್ಗಲಿಲ್ಲ. ಒಂದು ಟಾರ್ಚ್ ಕೊಳ್ಳುವಷ್ಟೇ ದುಡ್ಡಿದ್ದರೆ ಕಡಿಮೆ ಬೆಲೆಯ ಎರಡನ್ನು ತಗೊಳ್ಳಿ. ದುಬಾರಿಯದು ಒಂದೇ ಇಟ್ಟುಕೊಂಡು ರಾತ್ರಿ ನೀರಿಗೆ ಇಳಿಯಬೇಡಿ.

ಎಲ್ಲ ಟಾರ್ಚಿಗೂ ಒಂದೇ 18650 ಸೆಲ್ ಆಗಲಿ ಅಂತ ನೋಡಿಕೊಂಡೆವು. ದ್ವೀಪದಲ್ಲಿ ಅಂಗಡಿ ಹುಡುಕಿಕೊಂಡು ಹೋಗಲು ಆಗುವುದಿಲ್ಲ. ಒಂದೇ ಚಾರ್ಜರ್, ಒಂದೇ ಜಾತಿ ಸೆಲ್, ಅದಲು ಬದಲು ಮಾಡಬಹುದು. ಇದರಲ್ಲೂ ಒಂದು ಸೂಕ್ಷ್ಮ ಇದೆ. ಒಳಗೆ ರಕ್ಷಣೆಯ ಸರ್ಕ್ಯೂಟ್ ಇರುವ 18650 ಸೆಲ್ ಮೂರ್ನಾಲ್ಕು ಮಿಲಿಮೀಟರ್ ಹೆಚ್ಚು ಉದ್ದ ಇರುತ್ತದೆ. ಕೆಲವಕ್ಕೆ ತುದಿಯಲ್ಲಿ ಗುಂಡಿ ಎದ್ದಿರುತ್ತದೆ, ಕೆಲವು ಚಪ್ಪಟೆ. ತಮ್ಮ ಪುಣೆಯಲ್ಲಿ ತಗೊಂಡ ಹೆಚ್ಚುವರಿ ಸೆಲ್‌ಗಳು ಚಪ್ಪಟೆ ತುದಿಯವು. ಬ್ಯಾಕಪ್‌ನಲ್ಲಿ ಹಾಕಿ ಅಂಗೈಗೆ ಎರಡು ಸಲ ತಟ್ಟಿದರೆ ಬೆಳಕು ಮಿಟುಕಿ ಆರಿತು. ತುದಿ ಸ್ಪ್ರಿಂಗಿಗೆ ಸರಿಯಾಗಿ ತಾಗುತ್ತಿರಲಿಲ್ಲ. ನೀರಿನೊಳಗೆ ಗೊತ್ತಾಗಬೇಕಿದ್ದದ್ದು ಮೇಜಿನ ಮೇಲೆ ಗೊತ್ತಾಯಿತು. ಸೆಲ್ ಬದಲಿಸಿದೆವು.

ಸ್ವಿಚ್ಚು ಮ್ಯಾಗ್ನೆಟ್‌ನದ್ದು. ಮೈಯಲ್ಲಿ ತೂತು ಇಲ್ಲದೆ ಹೊರಗಿನಿಂದಲೇ ಹಚ್ಚಿ ಆರಿಸಬಹುದು, ನೀರು ನುಗ್ಗಲು ಒಂದು ದಾರಿ ಕಡಿಮೆ. ತಲೆಯನ್ನು ತಿರುಗಿಸಿ ಹಚ್ಚುವ ಟಾರ್ಚಿನಲ್ಲಿ ತಿರುಗುವ ಜಾಗದ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಸವೆಯುತ್ತದೆ. ನೀರಿನಲ್ಲಿ ಗಾಬರಿಯಿಂದ ಜಾಸ್ತಿ ಬಿಚ್ಚಿದರೆ ಒಳಗೆ ನೀರು. ಮ್ಯಾಗ್ನೆಟ್ಟಿಗೆ ಇರುವ ತೊಂದರೆ ದಿಕ್ಸೂಚಿಯದು. ಟಾರ್ಚ್ ಹಿಡಿದ ಕೈಯಲ್ಲೇ ದಿಕ್ಸೂಚಿ ಕಟ್ಟಿದರೆ ಮುಳ್ಳು ಎಳೆದುಕೊಳ್ಳುತ್ತದೆ. ಅಕ್ಕ ಟಾರ್ಚನ್ನು ಬಲಗೈಗೆ, ದಿಕ್ಸೂಚಿಯನ್ನು ಎಡಗೈಗೆ ಮಾಡಿಕೊಂಡರು.

ಡಬ್ಬಿಯ ಮೇಲೆ '2 ಗಂಟೆ' ಅಂತ ಇತ್ತು. ಅದನ್ನು ಓದುವ ಕ್ರಮ ಗೊತ್ತಿರಬೇಕು. ಟಾರ್ಚುಗಳಿಗೆ ಎಫ್‌ಎಲ್ 1 ಅಂತ ಒಂದು ಮಾನದಂಡ ಇದೆ. ಅದರ ಪ್ರಕಾರ ಬೆಳಕು ಮೊದಲಿನ 10 ಪರ್ಸೆಂಟ್‌ಗೆ ಇಳಿಯುವವರೆಗೂ ಟಾರ್ಚ್ 'ಉರಿಯುತ್ತಿದೆ' ಅಂತಲೇ ಲೆಕ್ಕ. 1000 ಲ್ಯೂಮೆನ್ 100ಕ್ಕೆ ಇಳಿದರೂ ಸಮಯ ಎಣಿಸುತ್ತಲೇ ಇರುತ್ತಾರೆ. 1000 ಲ್ಯೂಮೆನ್‌ಗೆ ಒಂಬತ್ತು ಹತ್ತು ವ್ಯಾಟ್ ಬೇಕು, ಸೆಲ್‌ನಲ್ಲಿ 12 ವ್ಯಾಟ್-ಅವರ್. ಪೂರ್ತಿ ಬೆಳಕಿನಲ್ಲಿ ಒಂದು ಗಂಟೆ ಸಿಕ್ಕರೆ ದೊಡ್ಡದು. ಅರ್ಧ ಬೆಳಕಿನಲ್ಲಿ ಅದು ಎರಡು ಗಂಟೆ ದಾಟುತ್ತದೆ. 45 ನಿಮಿಷದ ಡೈವ್‌ಗೆ ಅರ್ಧದಲ್ಲೇ ಇರಿ ಅಂತ ಹೇಳಿ ಕಳಿಸಿದೆ.

ವಿಡಿಯೋ ಲೈಟ್ ವಿಷಯದಲ್ಲಿ ಒಂದು ಒಪ್ಪಂದ ಆಯಿತು. ಮೊದಲ ರಾತ್ರಿ ಅದು ರೂಮಿನಲ್ಲೇ ಇರುವುದು. ಎರಡನೇ ರಾತ್ರಿ ಕ್ಯಾಮೆರಾಕ್ಕೆ ಕಟ್ಟಿಕೊಂಡು ಇಳಿಯಬಹುದು, ಕಡಿಮೆ ಬೆಳಕಿನಲ್ಲಿ, ಒಂದೊಂದು ಶಾಟ್‌ಗೆ ಹಚ್ಚಿ ಆರಿಸುವುದು. ಅದು ಮೂರನೇ ದೀಪ, ಲೆಕ್ಕಕ್ಕಿಲ್ಲ.

ಗೋವಾದ ಮೋಪಾ ವಿಮಾನ ನಿಲ್ದಾಣದಿಂದ ಲಕ್ಷದ್ವೀಪದ ಅಗತ್ತಿಗೆ ವಿಮಾನ. ಹೆಚ್ಚುವರಿ ಲಿಥಿಯಂ ಸೆಲ್‌ಗಳನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟರು. ಟಾರ್ಚಿನೊಳಗಿನ ಸೆಲ್ಲನ್ನೂ ತೆಗೆದರು. ಡೈವ್ ಟಾರ್ಚ್ ಬ್ಯಾಗಿನಲ್ಲಿ ತಾನಾಗೇ ಹತ್ತಿಕೊಂಡರೆ ಬಟ್ಟೆ ಸುಡುವಷ್ಟು ಬಿಸಿಯಾಗುತ್ತದೆ. ಅದಕ್ಕೇ ವಿಮಾನದ ನಿಯಮಗಳಲ್ಲಿ ನೀರೊಳಗಿನ ಟಾರ್ಚಿನ ಹೆಸರನ್ನೇ ಹೇಳಿದ್ದಾರೆ.

ಕದ್ಮತ್‌ನಲ್ಲಿ ಆದದ್ದು

ಮೊದಲ ರಾತ್ರಿಯದು ಅಕ್ಕ ಫೋನಿನಲ್ಲಿ ಹೇಳಿದ್ದು. ಹಗ್ಗ ಹಿಡಿದು ಇಳಿದು ಐದು ನಿಮಿಷಕ್ಕೇ ಇಬ್ಬರೂ ಬೆಳಕನ್ನು ಅರ್ಧಕ್ಕೆ ಇಳಿಸಿದರಂತೆ. ಅಷ್ಟೇ ಸಾಕಾಯಿತು. ಚೀಲದೊಳಗೆ ಮಲಗಿದ ಗಿಳಿಮೀನು ಕಂಡಿತು. ಬೀಮಿನ ನಡುವಿನ ಚುಕ್ಕೆಯನ್ನು ಪಕ್ಕದ ಮರಳಿನ ಮೇಲಿಟ್ಟು, ಅಂಚಿನ ಮಸುಕು ಬೆಳಕಿನಲ್ಲೇ ಅದನ್ನು ನೋಡಿದರು. ಅದು ಅಲುಗಲಿಲ್ಲ. 'ಆ ಚೀಲದ ಮ್ಯಾಲೆ ಮರಳಿನ ಕಾಳು ಅಂಟಿದ್ದೂ ಕಂಡ್ವುರೀ ಅಣ್ಣಾ' ಅಂದರು. ಟಾರ್ಚ್‌ಗಳನ್ನು ಎದೆಗೆ ಒತ್ತಿಹಿಡಿದು ಕೈ ಬೀಸಿದಾಗ ನೀರಿನಲ್ಲಿ ಹೊಳೆಯುವ ಪ್ಲಾಂಕ್ಟನ್‌ನ ನೀಲಿ ಕಿಡಿ ಎದ್ದವಂತೆ. ಟಾರ್ಚ್ ಆರಿಸಬೇಡಿ, ಎದೆಗೆ ಒತ್ತಿಕೊಳ್ಳಿ ಅಂತ ಮೊದಲೇ ಹೇಳಿದ್ದೆ. ಆರಿಸಿದ್ದು ಮತ್ತೆ ಹತ್ತದೆ ಇದ್ದರೆ ಸುಮ್ನೆ ತೊಂದರೆ.

ಎರಡನೇ ರಾತ್ರಿ ಬ್ಯಾಕಪ್ ಕೆಲಸಕ್ಕೆ ಬಂತು. ದೋಣಿಯಲ್ಲಿ ಸಾಮಾನು ಕಟ್ಟಿಕೊಳ್ಳುವಾಗ ತಮ್ಮನ ಟಾರ್ಚ್ ಪೂರ್ತಿ ಬೆಳಕಿನಲ್ಲಿ ಹತ್ತಿಕೊಂಡೇ ಇತ್ತು. ಗಾಳಿಯಲ್ಲಿ ತಣ್ಣಗಾಗಲು ನೀರಿಲ್ಲ, ಮೈ ಬಿಸಿಯಾಯಿತು, ಚಾರ್ಜೂ ಇಳಿಯಿತು. ಡೈವಿನ 30ನೇ ನಿಮಿಷದ ಹೊತ್ತಿಗೆ ಬ್ಯಾಟರಿಯ ದೀಪ ಕೆಂಪಾಗಿ ಬೆಳಕು ತಾನೇ ಕುಗ್ಗಿತು. ಅವನು ಬ್ಯಾಕಪ್ ಹಚ್ಚಿ, ಆಮೇಲೆ ಮೊದಲನೆಯದನ್ನು ಆರಿಸಿದ. ಬೀಮನ್ನು ಅಕ್ಕನ ಮುಂದೆ ಅಡ್ಡ ಬೀಸಿದ. ಅಕ್ಕ ತಿರುಗಿದಾಗ ಬೆಳಕನ್ನು ತನ್ನ ಕೈ ಮೇಲೆ ಹಿಡಿದು ಹೆಬ್ಬೆರಳು ತೋರಿಸಿದ, ಮೇಲಕ್ಕೆ ಅಂತ. ಮುಖ್ಯ ಟಾರ್ಚ್ ಹೋದರೆ ಡೈವ್ ಮುಗಿಯಿತು ಅಂತ ಮೊದಲೇ ಮಾತಾಗಿತ್ತು. ಇನ್‌ಸ್ಟ್ರಕ್ಟರ್‌ಗೂ ತಿಳಿಸಿ, ಸುರಕ್ಷತೆಗಾಗಿ ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು ಮೇಲೆ ಬಂದರು. ಬ್ಯಾಕಪ್‌ನ ಚುಕ್ಕೆಯನ್ನು ತನ್ನ ತಲೆ ಮೇಲೆ ಬೀಳಿಸಿಕೊಂಡು ತಮ್ಮ ದೋಣಿಗೆ ಕಾಣಿಸಿಕೊಂಡ. ದೋಣಿಯವನ ಕಣ್ಣಿಗೆ ಬೆಳಕು ಬಿಡಬಾರದು, ಅವನೇ ಕುರುಡಾದರೆ ಕರೆದುಕೊಂಡು ಹೋಗುವವರು ಯಾರು?

ವಿಡಿಯೋ ಲೈಟ್ ಅವತ್ತು ಸ್ವಲ್ಪ ಹೊತ್ತು ಹತ್ತಿತ್ತು. ಒಂದೇ ಕಡೆ ಹಿಡಿದ ಕೂಡಲೇ ದಾರದಂಥ ಹುಳುಗಳು, ಪ್ಲಾಂಕ್ಟನ್ ಎಲ್ಲ ಗಾಜಿನ ಮುಂದೆ ಮುತ್ತಿಕೊಂಡವು. ಎಲ್ಲಿಂದಲೋ ಎರಡು ಲಯನ್‌ಫಿಶ್ ಬಂದು ಬೆಳಕಿನ ಅಂಚಿನಲ್ಲಿ ನಿಂತವು. ತಮ್ಮನೇ ಆರಿಸಿದ. ಒಂದು ಶಾಟ್ ಚೆನ್ನಾಗಿ ಬಂದಿದೆ, ಆಕ್ಟೋಪಸ್‌ದು. ನನಗೂ ಕಳಿಸಿದ್ದಾನೆ. ಗೆಳೆಯನಿಗೆ ಲೈಟ್ ವಾಪಸ್ ಕೊಟ್ಟಿಲ್ಲ, ಅರ್ಧ ಬೆಲೆಗೆ ತಗೊಂಡಿದ್ದಾನೆ. ಅದರಲ್ಲಿ ನನಗೆ ತಕರಾರಿಲ್ಲ. ಕ್ಯಾಮೆರಾಕ್ಕೆ ಅದು ಒಳ್ಳೆಯ ಲೈಟೇ.

ಈಗ

ನಾಲ್ಕೂ ಟಾರ್ಚ್ ಮಳೆಗಾಲಕ್ಕೆ ನನ್ನ ಹತ್ತಿರ ಬಂದಿವೆ. ಸಿಹಿನೀರಿನಲ್ಲಿ ನೆನೆಸಿ, ಒರೆಸಿ, ಆಮೇಲೆ ಬಿಚ್ಚಿದೆ. ಅಕ್ಕನ ಬ್ಯಾಕಪ್‌ನ ಓ-ರಿಂಗ್ ಮೇಲೆ ಒಂದು ಕೂದಲು ಅಡ್ಡ ಕೂತಿತ್ತು. ಎರಡು ಓ-ರಿಂಗ್ ಇರುವ ಟಾರ್ಚ್ ಆದ್ದರಿಂದ ಒಳಗಿನದು ನೀರು ತಡೆದಿದೆ. ಒಂದೇ ಇದ್ದಿದ್ದರೆ ಸೆಲ್ ಉಪ್ಪುನೀರಿನಲ್ಲಿ ಕೂತಿರುತ್ತಿತ್ತು. ಓ-ರಿಂಗ್ ತೆಗೆದು ಒರೆಸಿ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದ್ದೇನೆ. ಗ್ರೀಸ್ ಜಾಸ್ತಿಯಾದರೆ ಅದೇ ಮರಳನ್ನು ಹಿಡಿದಿಡುತ್ತದೆ. ಸೆಲ್‌ಗಳನ್ನು ಪೂರ್ತಿ ತುಂಬಿಸದೆ, ಪೂರ್ತಿ ಖಾಲಿಯೂ ಮಾಡದೆ, 3.7 ವೋಲ್ಟ್ ಹತ್ತಿರ ನಿಲ್ಲಿಸಿ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಇಲ್ಲಿನ ಮಳೆಗಾಲದ ತೇವಕ್ಕೆ ಟಾರ್ಚಿನೊಳಗೇ ಬಿಟ್ಟರೆ ಸ್ಪ್ರಿಂಗ್ ಹಸಿರು ಹಿಡಿಯುತ್ತದೆ.

ಅಕ್ಟೋಬರ್‌ನಲ್ಲಿ ಸೀಸನ್ ಶುರುವಾದಾಗ ಹೊಸ ಓ-ರಿಂಗ್ ಹಾಕಿ, ಮೊದಲ ಸಲ ಸೆಲ್ ಇಲ್ಲದೆ ಒಳಗೆ ಟಿಶ್ಯೂ ಕಾಗದದ ತುಂಡು ಮಾತ್ರ ಇಟ್ಟು ನಾಲ್ಕನ್ನೂ ಗ್ರಾಂಡ್ ಐಲ್ಯಾಂಡ್‌ನಲ್ಲಿ ಇಳಿಸಿ ನೋಡುತ್ತೇವೆ. ಕಾಗದ ಒಣಗಿಯೇ ಬಂದರೆ ಸೆಲ್ ಹಾಕುವುದು.